ಬಸ್ಸಿಗೆ ಲಿಫ್ಟ್ ಬಂದ ಬಗೆ

ಗಾಲಿಕುರ್ಚಿಯನ್ನು ವಾಹನಕ್ಕೆ ಏರಿಸುವ ಲಿಫ್ಟ್ ಯಾರದೋ ಕರುಣೆಯಿಂದ ಬಂದದ್ದಲ್ಲ. ಬೇಕಾದವರೇ ಮಾಡಿಕೊಂಡರು, ಹಟ ಹಿಡಿದು ಪಡೆದರು. ಅಮೆರಿಕದ ಇಂಡಿಯಾನಾದ ರಾಲ್ಫ್ ಬ್ರಾನ್ ಅವರಿಗೆ ಸ್ನಾಯುಕ್ಷಯವಿತ್ತು. 1960ರ ದಶಕದಲ್ಲಿ ಅವರು ಹಳೆಯ ಅಂಚೆ ಜೀಪೊಂದಕ್ಕೆ ಹೈಡ್ರಾಲಿಕ್ ಲಿಫ್ಟ್ ಜೋಡಿಸಿ, ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿ, ತಾವೇ ಓಡಿಸಿಕೊಂಡು ಕೆಲಸಕ್ಕೆ ಹೋದರು. ಆದರೆ ಸ್ವಂತ ಗಾಡಿ ಇಲ್ಲದವರ ಪಾಡೇನು? 1978ರ ಜುಲೈ 5ರಂದು ಡೆನ್ವರ್‌ನ ಕೋಲ್ಫ್ಯಾಕ್ಸ್–ಬ್ರಾಡ್‌ವೇ ಕೂಡುರಸ್ತೆಯಲ್ಲಿ 19 ಮಂದಿ ಅಂಗವಿಕಲರು ಲಿಫ್ಟ್ ಬೇಕೆಂದು ಬಸ್ಸುಗಳನ್ನು ಅಡ್ಡಗಟ್ಟಿ, ರಾತ್ರಿಯಿಡೀ ಕದಲಲಿಲ್ಲ.

ಹತ್ತುವವರು ನಾಲ್ಕೇ ಮಂದಿ, ಖರ್ಚು ಮಾತ್ರ ವಿಪರೀತ ಎಂಬ ಆಕ್ಷೇಪವಿದೆ. ಖರ್ಚು ನಿಜವೇ. ಆದರೆ ಹತ್ತಲಾಗದ ಬಸ್ಸಿನಲ್ಲಿ ಹತ್ತುವವರನ್ನು ಎಣಿಸುವುದು ಯಾವ ನ್ಯಾಯದ ಲೆಕ್ಕ? ಅಂಗವಿಕಲರಿಗಾಗಿ ಬಂದ 1990ರ ಅಮೆರಿಕದ ಕಾನೂನು ಈ ವಾದಕ್ಕೆ ಮಣಿಯದೆ, ಸಾರ್ವಜನಿಕ ಸಾರಿಗೆಯ ಹೊಸ ಬಸ್ಸುಗಳಿಗೆ ಲಿಫ್ಟನ್ನೋ ರ‍್ಯಾಂಪನ್ನೋ ಕಡ್ಡಾಯ ಮಾಡಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸುಗಮ ಸಾರಿಗೆಯನ್ನು ಸರ್ಕಾರದ ಹೊಣೆಯಾಗಿಸಿದೆ. ಅದನ್ನು ಕೇಳಿ ಪಡೆಯಬೇಕು.