ಅಂಚೆ ಮತ್ತು ಬೇಹು: ಮೈಸೂರು ಅಂಚೆಯ ಎರಡು ಮುಖಗಳು

ಬೆಂಗಳೂರಿನ ದಕ್ಷಿಣ ಭಾಗದ ಸುಬ್ರಹ್ಮಣ್ಯಪುರದ ಹೆಸರು ತನ್ನ ಎಲ್ಲೆಯನ್ನು ಮೀರಿ ಚಲಾವಣೆಯಲ್ಲಿದೆ. ನೆರೆಯ ಬಡಾವಣೆಗಳ ವಿಳಾಸಗಳಲ್ಲಿಯೂ 'ಸುಬ್ರಹ್ಮಣ್ಯಪುರ ಅಂಚೆ, 560061' ಎಂದು ಬರೆಯುವ ರೂಢಿಯಿದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆ ಕಚೇರಿಯನ್ನು ಸೂಚಿಸುತ್ತವೆ. ಊರಿಗೆ ಗುರುತು ನೀಡುವ ಅಂಚೆಗೆ ಕನ್ನಡ ನಾಡಿನಲ್ಲಿ ಮೂರು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ.

ಆ ಚರಿತ್ರೆಯನ್ನು ಅರಿಯಬಯಸುವವರಿಗೆ ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿಯ ಹಳೆಯ ಕಟ್ಟಡದಲ್ಲಿರುವ 'ಸಂದೇಶ' ಸಂಗ್ರಹಾಲಯವು ಒಂದು ಪ್ರವೇಶದ್ವಾರ. ಅಂಚೆಯ ಹಳೆಯ ಪರಿಕರಗಳನ್ನು ಕಂಡವರಿಗೆ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿದ್ದ ಹರಿಕಾರನ ಶ್ರಮ ನೆನಪಾಗುವುದು ಸಹಜ. ಆದರೆ ಪರಿಕರಗಳು ತಾವಾಗಿ ಉತ್ತರಿಸಲಾಗದ ಪ್ರಶ್ನೆಯೊಂದಿದೆ: ಹರಿಕಾರನು ಹೊತ್ತ ಓಲೆಯನ್ನು ವಿಳಾಸದಾರನಲ್ಲದೆ ಮತ್ತಾರು ಓದುತ್ತಿದ್ದರು?

ಮೈಸೂರು ಸಂಸ್ಥಾನದ ಅಂಚೆಯು ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ರೂಪುಗೊಂಡಿತು. ಅವರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದುದು 'ಅಠಾರಾ ಕಚೇರಿ' ಎಂದು ಪ್ರಸಿದ್ಧ. ಅವುಗಳಲ್ಲಿ ಅಂಚೆಯ ಹೊಣೆ ಹೊತ್ತದ್ದು 'ಬೇಹಿನ ಚಾವಡಿ'. ಬೇಹು ಎಂದರೆ ಗೂಢಚರ್ಯೆ. ಸುದ್ದಿಯನ್ನು ಸಾಗಿಸುವ ಕೆಲಸ ಮತ್ತು ಸುದ್ದಿಯನ್ನು ಕದ್ದು ಕೇಳುವ ಕೆಲಸ ಒಂದೇ ಸೂರಿನಡಿ ಇದ್ದವೆಂಬುದನ್ನು ಈ ಹೆಸರೇ ಸಾರುತ್ತದೆ. 1810ರಲ್ಲಿ ತಮ್ಮ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತ ಪ್ರತಿನಿಧಿಗಳಾಗಿದ್ದರೆಂದೂ ಕೆಳಗಿನ ನೌಕರರು ಸೀಮೆಯ ಗುಟ್ಟುಗಳನ್ನು ವರದಿ ಮಾಡುತ್ತಿದ್ದರೆಂದೂ ಹೈದರ್ ಅಲಿ ಈ ಕ್ರಮವನ್ನು ಇನ್ನಷ್ಟು ಬಿಗಿಗೊಳಿಸಿದನೆಂದೂ ದಾಖಲಿಸಿದ್ದಾರೆ.

ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದವರು. ಅವರ ಮಾತನ್ನು 'ದೇಶೀಯ ದೊರೆಗಳ ದಬ್ಬಾಳಿಕೆ'ಯ ಚಿತ್ರವೆಂದು ಮಾತ್ರ ಓದಿದರೆ ಚರಿತ್ರೆ ಅರ್ಧವಾಗುತ್ತದೆ. ಇಟಲಿಯ ದೇಶಭಕ್ತ ಮಾಟ್ಸಿನಿಯ ಪತ್ರಗಳನ್ನು ಸರಕಾರವೇ ಒಡೆಸಿ ಓದಿದ ಸಂಗತಿ 1844ರಲ್ಲಿ ಬ್ರಿಟಿಷ್ ಪಾರ್ಲಿಮೆಂಟನ್ನೇ ಕಲಕಿತ್ತು. ಅಂಚೆಯಿದ್ದೆಡೆ ಪ್ರಭುತ್ವದ ಕಿವಿಯೂ ಇತ್ತು.

'ಅಂಚೆ' ಎಂಬ ಪದವೂ ವಿಚಾರಾರ್ಹ. ಹಂಸದ ತದ್ಭವ ಅಂಚೆ. ನಳನ ಸಂದೇಶವನ್ನು ದಮಯಂತಿಗೆ ಒಯ್ದದ್ದೂ ಹಂಸ. ಆದ್ದರಿಂದ ಟಪಾಲಿನ ಅಂಚೆಯೂ ಅಲ್ಲಿಂದಲೇ ಬಂದಿತೆಂಬ ಊಹೆ ಆಕರ್ಷಕವಾದುದು. ಆದರೆ ತಮಿಳಿನಲ್ಲಿ ಹಂಸವು 'ಅನ್ನಂ', ಟಪಾಲು 'ಅಂಜಲ್'. ಕೇರಳದಲ್ಲಿಯೂ ಟಪಾಲು 'ಅಂಚಲ್' ಆಗಿತ್ತು. ತೆಲುಗಿನ 'ಅಂಚೆ'ಗೆ ಹಂತ, ಸರದಿ ಎಂಬ ಅರ್ಥವಿದೆ. 'ಅಂಚೆಲಂಚೆಲುಗಾ' ಎಂದರೆ ಹಂತಹಂತವಾಗಿ. ಒಬ್ಬ ಓಟಗಾರನಿಂದ ಮತ್ತೊಬ್ಬನಿಗೆ ಕೈದಾಟುತ್ತಿದ್ದ ಓಲೆಗೆ ಈ ಅರ್ಥವೇ ಹೆಚ್ಚು ಒಪ್ಪುತ್ತದೆ. ಕಾವ್ಯದ ಹಂಸವು ಗುಟ್ಟನ್ನು ಕಾಯಿತು. ರಾಜ್ಯದ ಅಂಚೆಯಲ್ಲಿ ಪ್ರತಿ ಹಂತವೂ ಗುಟ್ಟು ಸೋರಬಹುದಾದ ಕಂಡಿಯಾಗಿತ್ತು.

ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ತಿರುವಾಂಕೂರಿನ ಅಂಚಲ್ ತನ್ನದೇ ಶಂಖಮುದ್ರೆಯ ಅಂಚೆಚೀಟಿಗಳೊಡನೆ ಮುಂದುವರಿದು 1951ರಲ್ಲಿ ಭಾರತೀಯ ಅಂಚೆಯನ್ನು ಸೇರಿತು. ವ್ಯವಸ್ಥೆಗಳು ಬದಲಾದವು, ಹಳೆಯ ಅಧಿಕಾರ ಮಾತ್ರ ಕಾನೂನಿನ ರೂಪದಲ್ಲಿ ಉಳಿಯಿತು. 1898ರ ಕಾಯಿದೆಯಲ್ಲಿಯೂ ಅದರ ಸ್ಥಾನಕ್ಕೆ ಬಂದ 2023ರ ಅಂಚೆ ಕಚೇರಿ ಕಾಯಿದೆಯಲ್ಲಿಯೂ ನಿರ್ದಿಷ್ಟ ಸಂದರ್ಭಗಳಲ್ಲಿ ಅಂಚೆಯನ್ನು ತಡೆದು ಪರಿಶೀಲಿಸಲು ಅವಕಾಶವಿದೆ.

ಸಾಹಿತ್ಯದ ಸಂಶೋಧಕರಿಗೆ ಇಲ್ಲೊಂದು ಪಾಠವಿದೆ. ಪತ್ರವನ್ನು ನಾವು ಅಂತರಂಗದ ದಾಖಲೆಯೆಂದು ನಂಬಿ ಆಕರವಾಗಿ ಬಳಸುತ್ತೇವೆ. ಆದರೆ ಮೂರನೆಯ ಕಣ್ಣೊಂದಿದೆಯೆಂದು ತಿಳಿದವನು ಬರೆಯುವ ರೀತಿಯೇ ಬೇರೆ: ಹೆಸರುಗಳನ್ನು ಮರೆಸುತ್ತಾನೆ, ಔಪಚಾರಿಕ ಒಕ್ಕಣೆಯನ್ನು ಬೆಳೆಸುತ್ತಾನೆ, ಮುಖ್ಯವಾದುದನ್ನು ಓಲೆ ಒಯ್ಯುವವನ ಬಾಯಿಮಾತಿಗೆ ಬಿಡುತ್ತಾನೆ. ಹಳೆಯ ಪತ್ರವೊಂದರ ಮೌನಗಳನ್ನು ಲೇಖಕನ ಸ್ವಭಾವವೆಂದು ತೀರ್ಮಾನಿಸುವ ಮೊದಲು ಅದು ಯಾವ ಚಾವಡಿಯನ್ನು ದಾಟಿ ಬಂದಿತೆಂದು ವಿಚಾರಿಸುವುದು ಲೇಸು.