ಶಾಶ್ವತ ಮರುನಿರ್ದೇಶನ

ಜಾಲತಾಣದ ಪುಟವೊಂದು ಸ್ಥಾನಾಂತರಗೊಂಡಾಗ, ಹಳೆಯ ವಿಳಾಸವನ್ನರಸಿ ಬಂದ ಬ್ರೌಸರಿಗೆ ಸರ್ವರು 301 ಎಂಬ ಸಂಕೇತದೊಡನೆ ನೂತನ ವಿಳಾಸವನ್ನು ತಿಳಿಸುವ ವ್ಯವಸ್ಥೆ. 1996ರ ಎಚ್‌ಟಿಟಿಪಿ 1.0 ವಿವರಣೆಯಲ್ಲಿಯೇ ಇದು ಉಕ್ತವಾಗಿದೆ.

ಊರುಗಳ ಪುಟವಿಳಾಸಗಳನ್ನು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ವಿಂಗಡಿಸುವ ತಂತ್ರಾಂಶಕ್ಕೆ ಇದರ ಅಗತ್ಯವು ಪದೇ ಪದೇ ಒದಗುವುದು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ರೂಪುಗೊಂಡಾಗ ಅಂದಿನ ಬಿಜಾಪುರದಿಂದ ಬೇರ್ಪಟ್ಟ ಜಮಖಂಡಿ, ಮುಧೋಳ, ಬೀಳಗಿಗಳಿಗೆ ಒಂದೇ ಸೂಚನೆ ಸಾಲುವುದಾದರೂ, ಜಮಖಂಡಿ ತಾಲ್ಲೂಕಿನಲ್ಲಿದ್ದು ಅನಂತರ ತಾನೇ ತಾಲ್ಲೂಕಾದ ರಬಕವಿ-ಬನಹಟ್ಟಿಗೆ ಎರಡು ಸ್ಥಿತ್ಯಂತರಗಳುಂಟು. ಇಲ್ಲಿ ಮೊದಲನೆಯ ವಿಳಾಸದಿಂದ ಎರಡನೆಯದಕ್ಕೂ, ಅಲ್ಲಿಂದ ಮೂರನೆಯದಕ್ಕೂ ಓದುಗನನ್ನು ಅಲೆಸುವ ಸರಪಳಿಯನ್ನು ಹೆಣೆಯದೆ, ಎರಡು ಹಳೆಯ ವಿಳಾಸಗಳನ್ನೂ ನೇರವಾಗಿ ಅಂತಿಮ ವಿಳಾಸಕ್ಕೇ ಜೋಡಿಸುವುದು ಯುಕ್ತ. ಈ ಅಲೆದಾಟವನ್ನು ಕಚೇರಿಗಳಲ್ಲಿ ಕಂಡವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ.

ಬ್ರೌಸರುಗಳು 301ನ್ನು ಬಹುಕಾಲ ನೆನಪಿನಲ್ಲಿರಿಸಿಕೊಳ್ಳುವುದರಿಂದ, ತಪ್ಪಾದ ಸೂಚನೆಯನ್ನು ಸರ್ವರಿನಲ್ಲಿ ತಿದ್ದಿದ ಮೇಲೆಯೂ ಹಿಂದೊಮ್ಮೆ ಬಂದವರು ದಾರಿತಪ್ಪುತ್ತಲೇ ಇರಬಹುದು. ಆದಕಾರಣ ಮೊದಲು ತಾತ್ಕಾಲಿಕವಾದ 302ರಿಂದ ಪರೀಕ್ಷಿಸುವುದೇ ವಿವೇಕ. ಅರ್ಜಿಯ ಫಾರಮ್ಮನ್ನು ಸಲ್ಲಿಸುವ ವಿಳಾಸವಾದರೆ, ಕೋರಿಕೆಯ ವಿಧಾನವನ್ನು ಬದಲಿಸದ ಶಾಶ್ವತ ಸಂಕೇತವಾದ 308 ಉತ್ತಮ: 301ರಲ್ಲಿ ವಿವರಗಳನ್ನು ಕಳುಹಿಸುವ ಪೋಸ್ಟ್ ವಿಧಾನವು ಪುಟವನ್ನು ತರಿಸುವ ಗೆಟ್ ಆಗಿ ಮಾರ್ಪಟ್ಟು ತುಂಬಿದ ವಿವರಗಳು ಲೋಪವಾಗುವ ಸಂಭವವುಂಟು.