ಗುರುತು ಮತ್ತು ಪ್ರತೀಕ

ಗುರುತೆಂಬುದು ಬೇರೆ, ಪ್ರತೀಕವೆಂಬುದು ಬೇರೆ. ಗುರುತಿನ ಬಲ ಅದನ್ನು ಹಿಡಿದವನ ಕೈಯಲ್ಲಿ; ಪ್ರತೀಕದ ಬಲ ನೋಡುವವರ ಮನಸ್ಸಿನಲ್ಲಿ. ಹೊನ್ನಾಳಿ ಸೀಮೆಯ ಇತಿಹಾಸವೇ ಇದಕ್ಕೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಕೆಳದಿಯ ಅರಸರ ಮುದ್ರೆಗೆ ಅಧಿಕಾರವುಳಿಯಲಿಲ್ಲ. 1830ರಲ್ಲಿ ಬೂದಿ ಬಸವಪ್ಪನು ಆ ಮುದ್ರೆಯನ್ನು ತೋರಿಸಿ, ತಾನೇ ನಗರದ ಅರಸನೆಂದು ಸಾರಿದನು. ಈತನು ಸದರಮಲ್ಲನೆಂಬ ಸಾಮಾನ್ಯನೆಂದು ಸರಕಾರದ ಬರಹಗಳು ಹೇಳುತ್ತವೆ. ಆದರೆ ಕಂದಾಯದ ಭಾರಕ್ಕೆ ನಲುಗಿ ಕೂಟ ಕಟ್ಟಿದ್ದ ರೈತರಿಗೆ ವಂಶಾವಳಿ ಬೇಕಿರಲಿಲ್ಲ; ಮುದ್ರೆಯಲ್ಲಿ ಅವರು ತಮ್ಮ ಅಳಲನ್ನು ಕೇಳುವ ಒಡೆಯನನ್ನು ಕಂಡರು. ಗುರುತು ಪ್ರತೀಕವಾಯಿತು. ಹೊನ್ನಾಳಿಯಲ್ಲಿ ರಕ್ತ ಹರಿಯಿತು.

1831ರಲ್ಲಿ ಮೈಸೂರಿನ ಆಡಳಿತವು ಆಂಗ್ಲರ ಕೈಸೇರಿ, 1881ರ ವರೆಗೆ ಅಲ್ಲಿಯೇ ಉಳಿಯಿತು. ಹಕ್ಕು ಸುಳ್ಳಾಗಿದ್ದಿರಬಹುದು, ಅದನ್ನು ನಂಬಿಸಿದ ಸಂಕಟವು ಸುಳ್ಳಲ್ಲ.